ಮಡಚಿಟ್ಟ ಸಮುದ್ರ

ಹೆಂಡತಿ: ಸಮುದ್ರಾನ ಯಾರಾದ್ರೂ ಮಡಚ್ತಾರೇನ್ರೀ?

ಗಂಡ: ಊಟದ ಮೇಜಿನ ಮೇಲೆ ಹರಡಿಕೊಂಡಿತ್ತು, ಮಡಚಿದೆ. ಸಂಜೆ ಅಕ್ಕ, ಭಾವ ಊಟಕ್ಕೆ ಬರ್ತಿದಾರೆ. ತಟ್ಟೆ ಎಲ್ಲಿಡೋದು, ಅಲೆಗಳ ಮೇಲಾ?

(ರೇಡಾರ್ ಅಲೆ ಸಮುದ್ರಕ್ಕೆ ಬಡಿದು ಹೇಗೆ ಚದುರುತ್ತದೆಂದು ಲೆಕ್ಕ ಹಾಕುವುದು ಹೆಂಡತಿಯ ಕೆಲಸ. ಲೆಕ್ಕ ಪರೀಕ್ಷಿಸಲು ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್‌ನಲ್ಲೇ ಒಂದು ಸಮುದ್ರ ಮಾಡಿ, ಆಫೀಸಿನ ಪುಟ್ಟ ರೇಡಾರನ್ನು ಪಕ್ಕದಲ್ಲಿಟ್ಟಿದ್ದಳು. ನಾಳೆ ಸಾಹೇಬರೆದುರು ಲೆಕ್ಕ ಕೂಡಿಬರದಿದ್ದರೆ ಕೆಲಸ ಬೇರೆಯವರ ಪಾಲು.)

ಹೆಂಡತಿ: ದೊಡ್ಡ ಅಲೆ, ಅದರ ಮೇಲೆ ಸಣ್ಣ ಅಲೆ, ಒಂದೊಂದನ್ನೂ ಚಮಚದ ಹಿಡಿಯಲ್ಲಿ ತೀಡಿದ್ದೆ!

ಗಂಡ: ನೋಡಿದೆ, ಬರೀ ಸುಕ್ಕು. ಸಪಾಟಾಗ್ಲಿ ಅಂತ ಭಾರ ಹೇರಿದೀನಿ.

ಹೆಂಡತಿ: ಯಾವ ಭಾರ?

ಗಂಡ (ಸೋಫಾದಿಂದ ಏಳದೆ): ಕೂತಿದೀನಲ್ಲ.

ಹೆಂಡತಿ: ಏಳ್ರೀ ಮೇಲೆ!

ಗಂಡ: ತೂಕ ಇಳಿಸಿ, ಇಳಿಸಿ ಅಂತ ಡಾಕ್ಟರು ಪ್ರಾಣ ತಿಂತಾರೆ. ಇವತ್ತಾದ್ರೂ ಉಪಯೋಗಕ್ಕೆ ಬಂತು ಅಂದ್ಕೊಂಡೆ.

(ಸೋಫಾದ ದಿಂಬಿನಡಿಯಿಂದ ಸಮುದ್ರ ಹೊರಬಂತು. ಬಿಡಿಸಿ ಮೇಜಿನ ಮೇಲೆ ಹಾಸುವಾಗ ಅವಳಿಗೆ ಅಳುವೇ ಬಂದುಬಿಟ್ಟಿತು.)

ಗಂಡ: ಅಳಬೇಡ ಕಣೇ. ಹೊಸ ಫಾಯಿಲ್ ತಂದ್ಕೊಡ್ತೀನಿ.

(ಅವಳು ಮೂಗೊರೆಸಿಕೊಳ್ಳುತ್ತಲೇ, ಅಭ್ಯಾಸಬಲದಿಂದ ರೇಡಾರ್ ಹಚ್ಚಿದಳು. ಅಳು ನಿಂತಿತು.)

ಗಂಡ: ಏನಾಯ್ತು?

ಹೆಂಡತಿ: ಅಡ್ಡ ಅಲೆ ವಾಪಸ್ ಬಂತು.

ಗಂಡ: ಎಲ್ಲಿಗೆ ಹೋಗಿತ್ತು?

ಹೆಂಡತಿ: ರೇಡಾರ್ ಅಲೇನ ಎರಡು ಥರ ಕಳಿಸ್ತೀವಿ ರೀ. ಒಂದು ಮೇಲೆ ಕೆಳಗೆ ಅಲ್ಲಾಡತ್ತೆ, ಇನ್ನೊಂದು ಅಡ್ಡಡ್ಡ. ನಿಜವಾದ ಸಮುದ್ರದಿಂದ ಈ ಅಡ್ಡದ್ದು ವಾಪಸ್ ಬರೋವಷ್ಟು ನನ್ನ ಸಮುದ್ರದಿಂದ ಒಂದಿನಾನೂ ಬಂದಿರ್ಲಿಲ್ಲ.

ಗಂಡ: ಇವತ್ತು?

ಹೆಂಡತಿ: ಸರಿಯಾಗಿ ಬಂದಿದೆ. ನಾನು ತೀಡಿದ ಅಲೆ ಎಲ್ಲ ನುಣುಪು. ನಿಜವಾದ ಸಮುದ್ರದಲ್ಲಿ ಅಲೆ ಮುರಿದು ಬೀಳತ್ತೆ. ಅದನ್ನೇ ಬಿಟ್ಟಿದ್ದೆ. ನೀವು ಕೂತು ಮುರಿದ್ರಿ.

ಗಂಡ: ಸರಿ, ಅಂತೂ ಕೆಲಸ ಮುಗೀತು, ಇನ್ನು ಮೇಜು ಖಾಲಿ ಮಾಡ್ಬಹುದು ಅನ್ನು.

(ಅವಳು ಆಗಲೇ ಹೊಸ ಫಾಯಿಲ್ ಸುರುಳಿ ಬಿಚ್ಚಿ, ಮೇಜಿನ ತುಂಬ ಹಾಸಿ, ಚಮಚ ಕೈಗೆತ್ತಿಕೊಂಡಿದ್ದಳು.)

ಹೆಂಡತಿ: ಅಕ್ಕ, ಭಾವಂಗೆ ಚಾಪೆ ಹಾಸಿ. ಇದು ಆದ್ಮೇಲೆ ನೀವು ಇನ್ನೊಂದು ಸಲ ಕೂರಬೇಕು. ಒಂದೇ ಸಲ ಬಂದದ್ದನ್ನ ಸಾಹೇಬ್ರು ನಂಬಲ್ಲ.

ಗಂಡ: ಅಲ್ಲಾ, ಇಂಥಾ ಅಲೆ ಏಳಕ್ಕೆ ಗಾಳಿ ಎಷ್ಟು ಜೋರಿತ್ತು ಅಂತ ಕೇಳಿದ್ರೆ?

ಹೆಂಡತಿ: ಗಾಳಿ ಜಾಗದಲ್ಲಿ ನಿಮ್ಮ ತೂಕ ಬರೀತೀನಿ. ಈ ಲೆಕ್ಕದ ಪ್ರಬಂಧ ಅಚ್ಚಾಗೋವರೆಗೂ ಇಳಿಸ್ಬೇಡಿ.