ಆಲೂಗಡ್ಡೆ ಪಾತಿಗೆ ಬಿದ್ದ ಔತಣ

ಮೊದಲು ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಗೆರೆಯ ಮೇಲೆ ಎಷ್ಟು ನೆಟ್ಟಗೆ ನಿಲ್ಲಿಸಿದರೂ ಏಡಿಯ ಹಾಗೆ ಪಕ್ಕಕ್ಕೆ ಹೊರಟುಬಿಡುತ್ತದೆ. ಶಾಲೆಯನ್ನು ನಡುವೆ ಬಿಟ್ಟವಳಾದ್ದರಿಂದ ದೊಡ್ಡ ಮಾತುಗಳೂ ಬರುವುದಿಲ್ಲ. ಅಲ್ಲಲ್ಲಿ ಒಂದೆರಡು ದೊಡ್ಡ ಮಾತು ಸಿಕ್ಕಿದರೆ ಅವು ಅಮ್ಮನವು. ಸಿಟ್ಟು ಬಂದಾಗ ಅವಳ ಬಾಯಲ್ಲಿ ಅಂಥವು ತಾವಾಗಿ ಬರುತ್ತವೆ. ಈ ಕಥೆಯ ಉದ್ದಕ್ಕೂ ಅಮ್ಮನಿಗೆ ಸಿಟ್ಟು ಬಂದೇ ಇರುತ್ತದೆ.

ಅದು ಶುರುವಾದದ್ದು ಫೋನಿನಲ್ಲಿ. ಅಕ್ಕ ಟ್ರೀನಾ ಸೇಂಟ್ ಜಾನ್ಸ್ ಪಟ್ಟಣದಲ್ಲಿ ಗಂಡನ ಜೊತೆ ಇದ್ದಾಳೆ. ತುಂಬು ಬಸುರಿ. ಹೆರಿಗೆ ಅಲ್ಲಿನ ಆಸ್ಪತ್ರೆಯಲ್ಲೇ ಆಗಬೇಕು, ಅದರಲ್ಲಿ ತಕರಾರಿಲ್ಲ. ತಕರಾರು ಆಮೇಲಿನದು. ಮಗುವನ್ನು ಎತ್ತಿಕೊಂಡು ಟ್ರೀನಾ ಯಾರ ಮನೆಗೆ ಹೋಗಬೇಕು? ನ್ಯೂಫೌಂಡ್‌ಲ್ಯಾಂಡಿನ ಈ ತುದಿಯಲ್ಲಿರುವ ಬ್ರೋಕನ್ ಓರ್ ಎಂಬ ನಮ್ಮ ಕೊಲ್ಲಿಯ ಊರಿಗೆ, ಅಮ್ಮನ ಹತ್ತಿರ ಬರಬೇಕೋ, ಇಲ್ಲ ಪಟ್ಟಣದಲ್ಲೇ ಅತ್ತೆ ವಿನಿಫ್ರೆಡ್ ಮನೆಯಲ್ಲಿ ಉಳಿಯಬೇಕೋ? ಅಮ್ಮ ಆಗಲೇ ಅಪ್ಪನ ಕೈಯಿಂದ ಹಳೇ ತೊಟ್ಟಿಲಿಗೆ ಬಣ್ಣ ಹೊಡೆಸಿ, ಸರಿಯಾಗಿಲ್ಲವೆಂದು ಬೈದು, ಮತ್ತೊಮ್ಮೆ ಹೊಡೆಸಿದ್ದಳು.

"ಅಮ್ಮ, ಬಸುರಿಯರು ಮೀನು ಆರಿಸಿ ತಿನ್ನಬೇಕಂತೆ," ಎಂದಳು ಟ್ರೀನಾ. "ಶಾರ್ಕು, ಕತ್ತಿಮೀನು, ಆ ಥರದ ದೊಡ್ಡದರಲ್ಲಿ ಪಾದರಸ ಜಾಸ್ತಿ. ಸಣ್ಣ ಮೀನು ಒಳ್ಳೇದು. ಅದೂ ಕಡಲು ಹಾಳುಮಾಡದೆ ಹಿಡಿದದ್ದು. ಅತ್ತೆ ಎಲ್ಲಾ ಓದಿ ತಿಳ್ಕೊಂಡಿದಾರೆ."

"ಯಾರು, ವಿನಿಫ್ರೆಡ್ಡಾ?"

"ಹೂಂ. ಶನಿವಾರ ಅವರೇ ಕಾರಲ್ಲಿ ನನ್ನ ಕರ್ಕೊಂಡು ಬರ್ತಿದಾರೆ. ಊಟಕ್ಕೆ ಇರ್ತೀವಿ. ಅಮ್ಮ, ಇನ್ನೊಂದು ಹೇಳ್ಬೇಕಿತ್ತು, ನನಗೆ ತುಂಬ ಆಸೆ ಆಗಿರೋದು..."

ಆಸೆ ಏನೆಂದು ಅಮ್ಮ ಕೇಳಿಸಿಕೊಳ್ಳಲಿಲ್ಲ. "ಬನ್ನಿ ಬನ್ನಿ, ಮೀನು ಹೇಗೆ ಆರಿಸ್ತಾರೆ ಅಂತ ತೋರಿಸ್ತೀನಿ," ಎಂದು ಫೋನನ್ನು ಇಟ್ಟಳು. (ಇಟ್ಟಳು ಎಂದು ಬರೆದದ್ದು ಮರ್ಯಾದೆಗೆ.)

"ಕೇಳಿದ್ಯಾ ಲಿಯಾಂಡರ್?" ಎಂದು ಅಪ್ಪನ ಕಡೆ ತಿರುಗಿದಳು. "ನನಗೆ ಮೀನು ಆರಿಸೋದು ಕಲಿಸೋಕೆ ಬರ್ತಾಳಂತೆ ನಿನ್ನ ಬೀಗಿತ್ತಿ. ನಮ್ಮಜ್ಜಿ ಮೀನು ಒಣಗಿಸಿದ್ಲು. ನಮ್ಮಮ್ಮ ಮೀನು ಒಣಗಿಸಿದ್ಲು. ನನ್ನ ಹೆತ್ತದ್ದೇ ಮೀನಿಗೆ ಉಪ್ಪು ಹಾಕಿ, ಕೈ ತೊಳ್ಕೊಂಡು ಬಂದು."

"ನಿನಗೂ ಬೀಗಿತ್ತಿ ಅಲ್ವಾ ಅವಳು?"

"ಮಾತು ತಿರುಗಿಸಬೇಡ."

"ಆಯ್ತು ಬಿಡೇ. ಫ್ರೀಜರ್ ತುಂಬ ಕಾಡ್ ಮೀನಿದೆ. ನಾನೇ ಕೈಗಾಳದಲ್ಲಿ ಒಂದೊಂದಾಗಿ ಎತ್ತಿದ್ದು. ಅದನ್ನೇ ಮಾಡು."

"ಅದರ ಮೇಲೆ ಚೀಟಿ ಇದೆಯಾ?"

"ಯಾವ ಚೀಟಿ?"

"ಕಡಲಿಗೆ ತೊಂದರೆ ಆಗ್ಲಿಲ್ಲ ಅನ್ನೋ ಚೀಟಿ. ಹಸಿರು ಬಣ್ಣದ್ದು."

"ಕಡಲಿಗೆ ಏನೂ ಆಗಿಲ್ಲ. ನನ್ನ ಸೊಂಟಕ್ಕೆ ಆಯ್ತು. ಬೇಕಾದ್ರೆ ಅಲ್ಲಿ ಅಂಟಿಸು."

ಅಮ್ಮ ನಗಲಿಲ್ಲ. ಕೈಗೆ ಸಿಕ್ಕಿದ ಬಾಣಲೆಯನ್ನು ತೊಳೆಯತೊಡಗಿದಳು. ಅದು ಮೊದಲೇ ತೊಳೆದಿಟ್ಟ ಬಾಣಲೆ.

ಶುಕ್ರವಾರ ಬೆಳಗ್ಗೆ ಕ್ಯಾಪ್ಲಿನ್ ಬಂತು. ಬೆರಳುದ್ದದ ಬೆಳ್ಳಿ ಮೀನು. ಬೇಸಿಗೆಯ ಶುರುವಿನಲ್ಲಿ ಮಂಜು ಕವಿದ ದಿನ ನೋಡಿಕೊಂಡು ಮೊಟ್ಟೆ ಇಡಲು ಅಲೆಯ ಜೊತೆ ದಂಡೆಯ ಜಲ್ಲಿಕಲ್ಲಿನ ಮೇಲೇ ಹೊರಳಿ ಬರುತ್ತದೆ. ಊರಿಗೆ ಊರೇ ಬಕೆಟ್ ಹಿಡಿದು ಓಡುತ್ತದೆ. ಒಂದಷ್ಟನ್ನು ಅವತ್ತೇ ಹುರಿದು ತಿನ್ನುತ್ತಾರೆ, ಒಂದಷ್ಟನ್ನು ಉಪ್ಪು ಹಾಕಿ ಹಿತ್ತಲಿನ ಜಾಲರಿಯ ಮೇಲೆ ಒಣಗಿಸುತ್ತಾರೆ, ಉಳಿದದ್ದು ಆಲೂಗಡ್ಡೆ ಪಾತಿಗೆ ಗೊಬ್ಬರ. ನಮ್ಮಲ್ಲಿ ಗೌರವದ ಮೀನು ಎಂದರೆ ಕಾಡ್ ಒಂದೇ. ಗೊಬ್ಬರಕ್ಕೆ ಹೋಗುವುದನ್ನು ಅತಿಥಿಗೆ ಬಡಿಸುವವರಿಲ್ಲ.

ಅಪ್ಪ ಬಕೆಟ್ ಮೇಲೆ ಬಕೆಟ್ ಹೊತ್ತು ತಂದು, ಚೆನ್ನಾದದ್ದನ್ನು ಆರಿಸಿ, ಉಪ್ಪು ಹಾಕಿ, ಜಾಲರಿಯ ಮೇಲೆ ಸಾಲಾಗಿ ಮಲಗಿಸಿದ. ಅಮ್ಮ ಕಿಟಕಿಯಿಂದ ನೋಡಿದಳು.

"ಅದನ್ನೆಲ್ಲ ತೆಗಿ. ನಾಳೆ ವಿನಿಫ್ರೆಡ್ ಬಂದಾಗ ಹಿತ್ತಲಲ್ಲಿ ಬಡವರ ಮೀನು ಒಣಗ್ತಾ ಇರಬಾರದು."

"ಎಲ್ಲಿ ಹಾಕಲಿ?"

"ಪಾತಿಗೆ."

"ಎಲ್ಲಾನೂ? ಒಂದು ತಟ್ಟೆ ಆದ್ರೂ ಉಳಿಸೇ ಮಾರಾಯ್ತಿ."

"ಒಂದು ಬಾಲ ಕೂಡ ಕಾಣಬಾರದು."

"ಉಪ್ಪು ಹಾಕಿದೀನಿ. ಆಲೂಗಡ್ಡೆಗೆ ಆಗಲ್ಲ."

"ಹಾಗಾದ್ರೆ ತೊಳೆದು ಹಾಕು."

ಗೊಬ್ಬರಕ್ಕೆ ಹಾಕುವ ಮೀನನ್ನು ಉಪ್ಪು ಹೋಗುವ ತನಕ ತೊಳೆದ ಗಂಡಸು ನಮ್ಮ ಕೊಲ್ಲಿಯಲ್ಲಿ ಅಪ್ಪ ಒಬ್ಬನೇ ಇರಬೇಕು. ಬೇಲಿಯ ಮೇಲೆ ಕುಳಿತ ಕಡಲಕಾಗೆಗಳು ಕೂಡ ಸುಮ್ಮನಾಗಿ ನೋಡಿದವು. ಮಣ್ಣು ಮುಚ್ಚಿದ ಮೇಲೂ ವಾಸನೆ ಉಳಿಯಿತು. ತಾಜಾ ಕ್ಯಾಪ್ಲಿನ್ ಎಂದರೆ ಸೌತೆಕಾಯಿ ಹೆಚ್ಚಿದ ಹಾಗಿನ ವಾಸನೆ. ಎಲ್ಲರ ಪಾತಿಗೂ ಅದೇ ಬಿದ್ದಿದ್ದರಿಂದ ಊರಿಡೀ ಸೌತೆಕಾಯಿ.

ಮಧ್ಯಾಹ್ನ ಅಮ್ಮ ಅಪ್ಪನ ಟ್ರಕ್ಕಿನಲ್ಲಿ ದೊಡ್ಡ ಅಂಗಡಿಗೆ ಹೊರಟಳು. ಕಡಲ ಪಕ್ಕದಿಂದ ಹೊರಟು, ಕಾಡು ದಾಟಿ, ಕಡಲೇ ಕಾಣದ ಊರಿಗೆ ಮೀನು ತರಲು ಹೋಗುವುದೆಂದರೆ ಏನೆಂದು ಅಪ್ಪ ದಾರಿಯುದ್ದಕ್ಕೂ ಹೇಳಿದ. ಅಮ್ಮ ದಾರಿಯುದ್ದಕ್ಕೂ ಉತ್ತರ ಕೊಟ್ಟಳು. ಅವಳ ಕನ್ನಡಕ ಮನೆಯಲ್ಲೇ ಉಳಿದಿತ್ತು. ಆದರೂ ಹಸಿರು ಚೀಟಿ ದೂರಕ್ಕೆ ಕಾಣುವಷ್ಟು ದೊಡ್ಡದಿತ್ತು. ಪೆಟ್ಟಿಗೆಯ ಮೇಲೆ ಶಾಂತವಾದ ಒಂದು ಕಡಲು, ಅದರ ಕೆಳಗೆ ದಪ್ಪ ಅಕ್ಷರದಲ್ಲಿ: ಪುಟ್ಟ ಬೆಳ್ಳಿ ಮೀನು, ತಲೆ ತೆಗೆದು ಬ್ರೆಡ್ ಪುಡಿ ಹಚ್ಚಿದ್ದು, ಇಡೀ ಕುಟುಂಬಕ್ಕೆ.

"ಯಾವ ಮೀನು ಅಂತ ಹೆಸರಿಲ್ವಲ್ಲೇ," ಎಂದ ಅಪ್ಪ.

"ಎಲ್ಲೋ ಸಣ್ಣದಾಗಿ ಹಾಕಿರ್ತಾರೆ. ಒಳ್ಳೆ ಮನೆತನದವರು ಹೆಸರು ಹೇಳ್ಕೊಂಡು ತಿರುಗಲ್ಲ."

ಬೆಲೆ ನೋಡಿ ಅಪ್ಪ ಟೋಪಿ ತೆಗೆದ. (ಅವನು ಟೋಪಿ ತೆಗೆಯುವುದು ಚರ್ಚಿನಲ್ಲಿ, ಮತ್ತೆ ಯಾರಾದರೂ ತೀರಿಕೊಂಡಾಗ.)

ಶನಿವಾರ ಕಾರು ಬಂದು ನಿಂತಿತು. ಟ್ರೀನಾ ಸೊಂಟ ಹಿಡಿದುಕೊಂಡು ಇಳಿದಳು. ಆಮೇಲೆ ವಿನಿಫ್ರೆಡ್ ಆಂಟಿ ಇಳಿದರು. ಮೈಮೇಲೆ ಪಟ್ಟಣದ ಕೋಟು, ಕಾಲಲ್ಲಿ ಮೊಣಕಾಲುದ್ದದ ರಬ್ಬರ್ ಬೂಟು, ಕೈಯಲ್ಲಿ ಬಕೆಟ್ಟು.

"ನೋಡಿದ್ಯಾ?" ಅಮ್ಮ ಪರದೆಯ ಹಿಂದಿನಿಂದ ಅಪ್ಪನಿಗೆ ಪಿಸುಗುಟ್ಟಿದಳು. "ನಮ್ಮ ಅಂಗಳ ಕೊಳಕು ಅಂತ ಬೂಟು ಹಾಕ್ಕೊಂಡು ಬಂದಿದಾಳೆ."

"ಬಕೆಟ್ ಯಾಕೋ?"

"ನನ್ನ ಅಡುಗೆ ಹೊಟ್ಟೇಲಿ ನಿಲ್ಲಲ್ಲ ಅಂತ. ಮೊದಲೇ ಸಿದ್ಧವಾಗಿ ಬಂದಿದಾಳೆ."

ವಿನಿಫ್ರೆಡ್ ಆಂಟಿ ಪಾತಿಯ ಹತ್ತಿರ ನಿಂತು ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದರು.

"ಮೂಗು ನೋಡು ಅವಳದ್ದು. ಮಹಾರಾಣಿಗೆ ವಾಸನೆ ಬಡೀತು," ಎಂದಳು ಅಮ್ಮ. ಆಮೇಲೆ ಬಾಗಿಲು ತೆಗೆದು, "ಬನ್ನಿ ವಿನಿಫ್ರೆಡ್, ಎಷ್ಟು ಸಂತೋಷ ನೀವು ಬಂದದ್ದು," ಎಂದಳು. ಹಲ್ಲು ಕಚ್ಚಿಕೊಂಡೇ ಇಷ್ಟು ಉದ್ದದ ಮಾತು ಆಡಬಹುದೆಂದು ಅವತ್ತು ಗೊತ್ತಾಯಿತು.

ಮೇಜಿನ ಮೇಲೆ ಕ್ರಿಸ್‌ಮಸ್ಸಿಗೆ ಮಾತ್ರ ಹೊರಬರುವ ಉದ್ದನೆಯ ತಟ್ಟೆ. ಅದರ ಮೇಲೆ ಕೆಂಪಗೆ ಹುರಿದ ಪುಟ್ಟ ಮೀನುಗಳು. ಹಸಿರು ಚೀಟಿ ಎಲ್ಲರಿಗೂ ಕಾಣಲೆಂದು ಅಮ್ಮ ಖಾಲಿ ಪೆಟ್ಟಿಗೆಯನ್ನು ಹೂದಾನಿಗೆ ಒರಗಿಸಿ ನಿಲ್ಲಿಸಿದ್ದಳು.

"ಸಣ್ಣ ಮೀನು," ಎಂದಳು, ಬಡಿಸುತ್ತ. "ಪಾದರಸದ ಭಯವಿಲ್ಲ. ಕಡಲಿಗೂ ಏನೂ ತೊಂದರೆಯಿಲ್ಲ. ನಾವು ಹಳ್ಳಿಯವರು, ಆದರೂ ಅಷ್ಟಿಷ್ಟು ತಿಳ್ಕೊಂಡಿದೀವಿ."

ಟ್ರೀನಾ ಒಂದು ಕಚ್ಚಿದಳು. ನಿಧಾನವಾಗಿ ಅಗಿದಳು. "ಅಮ್ಮ, ಇದೇ. ಇದನ್ನೇ ಅವತ್ತು ಫೋನಲ್ಲಿ ಹೇಳೋಕೆ ಹೊರಟಿದ್ದೆ."

ಅಪ್ಪ ಒಂದು ಕಚ್ಚಿದ. ಬಾಯಿಂದ ನಡುಮುಳ್ಳನ್ನು ಎಳೆದು ಬೆಳಕಿಗೆ ಹಿಡಿದ. ಉಳಿದ ಅರ್ಧವನ್ನು ಮೂಸಿದ. "ಡಲ್ಸಿ," ಎಂದು ಅಮ್ಮನನ್ನು ಕರೆದ, "ಇದು ಕ್ಯಾಪ್ಲಿನ್."

"ಬಾಯಿ ಮುಚ್ಕೊಂಡು ತಿನ್ನು."

"ಬಾಯಿ ಮುಚ್ಚಿದ್ರೂ ಕ್ಯಾಪ್ಲಿನ್ನೇ. ಇಲ್ಲಿಂದಲೇ ಹೋದದ್ದಿರಬೇಕು. ಹೆಪ್ಪುಗಟ್ಟಿಸಿ ಸಮುದ್ರದಾಚೆ ಕಳಿಸ್ತಾರಲ್ಲ. ಅಲ್ಲಿ ಹೊಸ ಅಂಗಿ ತೊಡಿಸ್ಕೊಂಡು ವಾಪಸ್ ಬಂದಿದೆ."

"ನನಗೂ ಹಾಗೇ ಅನ್ನಿಸ್ತು," ಎಂದರು ವಿನಿಫ್ರೆಡ್ ಆಂಟಿ ಮೆಲ್ಲಗೆ. "ಹೇಳಬಾರದು ಅಂತಿದ್ದೆ. ತಾಜಾದ್ದು ಎಲ್ಲಿ ಡಲ್ಸಿ? ಹೊರಗೆ ಎಂಥ ಪರಿಮಳ. ನಮ್ಮಜ್ಜಿ ಮನೆ ನೆನಪಾಯ್ತು. ನಾನೂ ಇಂಥದ್ದೇ ಕೊಲ್ಲೀಲಿ ಹುಟ್ಟಿದವಳು. ಬಸುರೀಲಿ ತಿನ್ನೋಕೆ ಎಷ್ಟು ಒಳ್ಳೆ ಮೀನು, ನಿಮ್ಮಮ್ಮನ ಮನೆ ಬಾಗಿಲಿಗೇ ಬರುತ್ತೆ ಅಂತ ಇವಳಿಗೆ ಹೇಳಿ ಹೇಳಿ ಕರ್ಕೊಂಡು ಬಂದೆ. ಒಂದು ಬಕೆಟ್ ಒಯ್ಯೋಣ ಅಂತ ಬೂಟು ಕೂಡ ಹಾಕ್ಕೊಂಡೆ."



"ಆಲೂಗಡ್ಡೆ ಪಾತಿಯಲ್ಲಿದೆ," ಎಂದ ಅಪ್ಪ.

"ಎಲ್ಲಾನಾ?" ಎಂದಳು ಟ್ರೀನಾ.

"ಎಲ್ಲಾ. ತೊಳೆದು ಹಾಕಿದೀನಿ."

ಟ್ರೀನಾ ಫೋರ್ಕ್ ಕೆಳಗಿಟ್ಟಳು. ಸಿಟ್ಟಿನಲ್ಲಿ ಅವಳು ಅಮ್ಮನ ಮಗಳೇ. "ಆಲೂಗಡ್ಡೆಗೆ ತಾಜಾ ಮೀನು, ನನ್ನ ಮಗೂಗೆ ಪೆಟ್ಟಿಗೆ ಮೀನಾ ಅಮ್ಮ? ಆಲೂಗಡ್ಡೆ ಏನು ಬಸುರಿಯಾ?"

ಅಮ್ಮ ಒಮ್ಮೆ ತಟ್ಟೆಯ ಕಡೆ, ಒಮ್ಮೆ ಪೆಟ್ಟಿಗೆಯ ಕಡೆ ನೋಡಿದಳು. ಇಷ್ಟು ಸಿಟ್ಟನ್ನು ಎಲ್ಲಿ ಇಳಿಸುವುದೆಂದು ತಿಳಿಯದೆ ಕೊನೆಗೆ ಎಂದಿನ ಜಾಗಕ್ಕೇ ಬಂದಳು. "ಲಿಯಾಂಡರ್, ಮದುವೆಯಾದಾಗಿಂದ ನನ್ನ ಒಂದು ಮಾತು ಕೇಳಿದವನಲ್ಲ ನೀನು. ಇದೊಂದನ್ನ ಮಾತ್ರ ಕೇಳ್ಬೇಕಿತ್ತಾ?"

ಅಷ್ಟು ಹೇಳಿ ಕುರ್ಚಿಯಲ್ಲಿ ಕುಸಿದಳು. ಅವಳ ಕಣ್ಣು ಮೂಲೆಯಲ್ಲಿದ್ದ ತೊಟ್ಟಿಲ ಮೇಲೆ ನಿಂತಿತು. ಮಗು ಪಟ್ಟಣದ ಪಾಲಾಯಿತು ಎಂದು ಅವಳಿಗೆ ಖಚಿತವಾಗಿತ್ತು. ಗೊಬ್ಬರಕ್ಕೂ ಊಟಕ್ಕೂ ವ್ಯತ್ಯಾಸ ತಿಳಿಯದ ಮನೆಗೆ ಯಾರು ಬಾಣಂತಿಯನ್ನು ಕಳಿಸುತ್ತಾರೆ?

ವಿನಿಫ್ರೆಡ್ ಆಂಟಿ ಬಾಯಿ ಒರೆಸಿಕೊಂಡರು. "ನಾನು ಯೋಚನೆ ಮಾಡಿದೀನಿ. ಟ್ರೀನಾ ಮಗು ಎತ್ಕೊಂಡು ಇಲ್ಲಿಗೇ ಬರಲಿ."

ಅಮ್ಮನ ಮುಖದಲ್ಲಿ ಆ ವಾರದ ಮೊದಲ ನಗು ಕಂಡಿತು. "ಬರಲಿ ಬರಲಿ. ತೊಟ್ಟಿಲಿಗೆ ಬಣ್ಣ ಕೂಡ ಆಗಿದೆ."

"ಗಾಳಿ ಒಳ್ಳೇದು, ನೀರು ಒಳ್ಳೇದು, ಮೀನು ಕೈಗೆ ಸಿಗುತ್ತೆ," ಎಂದು ಅವರು ಮುಂದುವರಿಸಿದರು. "ಆದರೆ ಯಾವುದು ತಟ್ಟೆಗೆ, ಯಾವುದು ಪಾತಿಗೆ ಅಂತ ಆರಿಸೋಕೆ ಒಬ್ಬರು ಬೇಕಲ್ಲ ಡಲ್ಸಿ. ನಾನೂ ಜೊತೇಲಿ ಬಂದುಬಿಡ್ತೀನಿ. ಆಲೂಗಡ್ಡೆ ಕೀಳೋ ತನಕ ಇರ್ತೀನಿ."

ಅಮ್ಮನ ನಗು ಹಾಗೇ ಇತ್ತು. ತೆಗೆಯಲು ಮರೆತದ್ದು. ಅಪ್ಪ ಚಹಾದ ಬಟ್ಟಲಿನೊಳಗೆ ಮುಖ ಇಟ್ಟು ಕೆಮ್ಮಿದ ಹಾಗೆ ಮಾಡಿದ.

ವಿನಿಫ್ರೆಡ್ ಆಂಟಿಗೆ ನನ್ನ ಕೋಣೆ ಕೊಡುವುದೆಂದು ಅಮ್ಮ ಆಗಲೇ ತೀರ್ಮಾನಿಸಿದ್ದಾಳೆ. ನನ್ನನ್ನು ಯಾರೂ ಕೇಳಲಿಲ್ಲ. (ಕೇಳಿದ್ದರೂ ನಾನು ಏನೂ ಹೇಳುತ್ತಿರಲಿಲ್ಲ.) ಇನ್ನು ಅಡುಗೆಮನೆಯ ದಿವಾನವೇ ನನ್ನ ಹಾಸಿಗೆ. ಹೊರಗೆ ಮತ್ತೆ ಮಂಜು ಇಳಿಯುತ್ತಿದೆ, ಸಂಜೆಯ ಅಲೆಯ ಜೊತೆ ಕ್ಯಾಪ್ಲಿನ್ ಇನ್ನೊಮ್ಮೆ ಬರಬಹುದು ಎನ್ನುತ್ತಾನೆ ಅಪ್ಪ. ವಿನಿಫ್ರೆಡ್ ಆಂಟಿ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ. ಅಮ್ಮ ಅವರದ್ದಕ್ಕಿಂತ ದೊಡ್ಡ ಬಕೆಟ್ ಹುಡುಕುತ್ತಿದ್ದಾಳೆ. ನಾನು ಪೆನ್ನು ಇಟ್ಟು ಅವರ ಹಿಂದೆ ದಂಡೆಗೆ ಹೋಗುತ್ತೇನೆ, ತಂದದ್ದನ್ನೆಲ್ಲ ತೊಳೆದು ಉಪ್ಪು ಹಾಕುತ್ತೇನೆ.