ಸೊಂಟ ಮೂವತ್ತೆರಡು

ಮನೆಯ ಕಂಪ್ಯೂಟರಿಗೆ ಮುಪ್ಪು ಬಂದಿದೆ ಎಂದು ಅವನಿಗೆ ಹೊಳೆದದ್ದು ಒಂದು ಭಾನುವಾರ. ಅದು ಕಣ್ಣು ಬಿಡುವಷ್ಟರಲ್ಲಿ ಅವನು ಹಲ್ಲುಜ್ಜಿ, ಸ್ನಾನ ಮಾಡಿ, ತಲೆ ಬಾಚಿಕೊಂಡು ಬಂದಿದ್ದ. ನೀರಿನ ಮೀಟರ್ ಕಚೇರಿಯ ಗುಮಾಸ್ತನಾದ ಅವನಿಗೆ ಮನೆಯೊಳಗೆ ಮಾತ್ರ 'ಎಕ್ಸ್‌ಪರ್ಟ್' ಎಂಬ ಬಿರುದಿತ್ತು. (ಕೊಟ್ಟುಕೊಂಡವನೂ ಅವನೇ.) ಇನ್ನೊಂದು ಹೆಮ್ಮೆಯೂ ಇತ್ತು: ಕೆಲಸಕ್ಕೆ ಸೇರಿ ಏಳು ವರ್ಷವಾದರೂ ಅವನ ಸೊಂಟ ಮೂವತ್ತೆರಡರಿಂದ ಕದಲಿರಲಿಲ್ಲ. ಅನುಮಾನಪಟ್ಟವರಿಗೆ ಪ್ಯಾಂಟಿನ ಒಳಪಟ್ಟಿ ಮಗುಚಿ, ಅಮ್ಮ ಹೊಲಿದ '32' ಎಂಬ ಚೀಟಿಯನ್ನೇ ತೋರಿಸಿಬಿಡುತ್ತಿದ್ದ.

ಅಮ್ಮ ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಮೂವತ್ತು ವರ್ಷದ ಅಳತೆ ಪುಸ್ತಕಗಳನ್ನು ಹೋದ ವರ್ಷ ಎಕ್ಸ್‌ಪರ್ಟನೇ ಕಂಪ್ಯೂಟರಿಗೆ ಏರಿಸಿ, ಪುಸ್ತಕಗಳನ್ನು ರದ್ದಿಗೆ ಹಾಕಿ, ಆಧುನಿಕ ಯುಗವನ್ನು ಮನೆಗೆ ಬರಮಾಡಿಕೊಂಡಿದ್ದ. ಒಬ್ಬೊಬ್ಬರಿಗೆ ಒಂದೊಂದು ಫೈಲು. ಹೆಸರು ಫೈಲಿನ ಮೇಲೆ, ಒಳಗೆ ಬರೀ ಅಳತೆ. ಒಂದೇ ಹೆಸರನ್ನು ಎರಡೆರಡು ಸಲ ಟೈಪ್ ಮಾಡುವುದು ದಡ್ಡರ ಕೆಲಸ ಎಂಬುದು ಅವನ ಸಿದ್ಧಾಂತ.

ಆ ಭಾನುವಾರ ಅವನು ಕಂಪ್ಯೂಟರಿಗೆ ಕಾಯಕಲ್ಪ ಮಾಡಲು ಕೂತ. 'ಎಲ್ಲವನ್ನೂ ತೆಗೆಯಲೇ?' ಎಂದು ಅದು ಎರಡು ಸಲ ಕೇಳಿತು. ಎಲ್ಲವನ್ನೂ ಎಂದರೆ ಕಸವನ್ನೆಲ್ಲ ಎಂದುಕೊಂಡು ಎರಡು ಸಲವೂ ಅಪ್ಪಣೆ ದಯಪಾಲಿಸಿದ. ಮಧ್ಯಾಹ್ನದ ಹೊತ್ತಿಗೆ ಯಂತ್ರ ಚುರುಕಾಗಿ ಎದ್ದು ಕೂತಿತು, ಆಗ ತಾನೇ ಹುಟ್ಟಿದ ಕೂಸಿನ ಹಾಗೆ, ಪ್ರಪಂಚದ ಯಾವ ನೆನಪೂ ಇಲ್ಲದೆ.

"ಬ್ಯಾಂಡಿನವರ ಅಳತೆ ತೆಗಿಯೋ," ಎನ್ನುತ್ತಾ ಅಮ್ಮ ಕತ್ತರಿ ಹಿಡಿದು ಬಂದಳು.

ಎಕ್ಸ್‌ಪರ್ಟ್ ಅಳತೆಯ ಫೈಲು ಹುಡುಕಿದ. ಒಂದೂ ಇರಲಿಲ್ಲ. ಇಪ್ಪತ್ತೆರಡು ಕೋಟು! ಅಮ್ಮನ ಜೀವಮಾನದಲ್ಲೇ ದೊಡ್ಡ ಆರ್ಡರು. ಬ್ಯಾಂಡಿನವರು ಅಳತೆ ಕೊಟ್ಟು ಪರವೂರಿಗೆ ನುಡಿಸಲು ಹೋಗಿದ್ದರು. ಮೂರು ವಾರ ಬಿಟ್ಟು ಶನಿವಾರ ಬಸ್ಸಿಳಿದು, ಕೋಟು ತೊಟ್ಟು, ನೇರ ವೇದಿಕೆ ಹತ್ತುವವರು. ಫೋನಿನಲ್ಲಿ ಕೇಳೋಣವೆಂದರೆ, ಬೇರೆಯವರು ತೆಗೆದ ಅಳತೆಗೆ ಅಮ್ಮ ಇವತ್ತಿನವರೆಗೂ ಬಟ್ಟೆ ಕತ್ತರಿಸಿದವಳಲ್ಲ.

"ಅಮ್ಮಾ... ಅಳತೆ ಸ್ವಲ್ಪ ಹೋಗಿದೆ."

"ಸ್ವಲ್ಪ ಅಂದ್ರೆ?"

"ಪೂರ್ತಿ."

ಒಳಗಿನಿಂದ ಹೆಂಡತಿ ಓಡಿ ಬಂದವಳೇ ಕಂಪ್ಯೂಟರಿನ ವೈರು ಕಿತ್ತಳು. ಫೋಟೋ ಸ್ಟುಡಿಯೋದಲ್ಲಿ ಅವಳ ಕೆಲಸ. ಜನ ಅಳಿಸಿಕೊಂಡು ಅಳುತ್ತಾ ತರುವ ಫೋಟೋಗಳಿಗೆ ಮರುಜೀವ ಕೊಡುವುದು ಅವಳಿಗೆ ನಿತ್ಯದ ಪಾಡು.

"ಕೈ ತೆಗೀರೀ! ಅಳಿಸಿದ ಫೈಲು ಒಳಗೇ ಇರುತ್ತೆ. ಅದ್ರ ಮೇಲೆ ಬೇರೆ ಏನಾದ್ರೂ ಬಂದು ಕೂತ್ರೆ ಮುಗೀತು."

"ನಾನು ಚೆಕ್ ಮಾಡೋಕೆ ಒಂದೆರಡು ಗೇಮ್ ಹಾಕೋಣ ಅಂತಿದ್ದೆ."

"ಹಾಕಿ. ಅತ್ತೆ ಕೈಲಿ ಕತ್ತರಿ ಇದೆ, ನೋಡ್ಕೊಂಡು ಹಾಕಿ."

ಅವಳು ಡಿಸ್ಕ್ ಬಿಚ್ಚಿ ಸ್ಟುಡಿಯೋಗೆ ಒಯ್ದಳು. ಸೋಮವಾರ ಸಂಜೆ ಮರಳಿದಾಗ ಆರುನೂರ ಹದಿನಾಲ್ಕು ಫೈಲು ಜೀವಂತ! ಎಕ್ಸ್‌ಪರ್ಟ್ ಕುಣಿಯಲು ಒಂದು ಕಾಲು ಎತ್ತಿದ.

"ಕಾಲು ಇಳಿಸಿ," ಎಂದಳು ಹೆಂಡತಿ. "ಹೆಸರು, ತಾರೀಕು ಎಲ್ಲ ಹೋಗಿದೆ. ಒಂದು, ಎರಡು, ಮೂರು ಅಂತ ನಂಬರು ಮಾತ್ರ ಉಳಿದಿದೆ. ಒಳಗಾದ್ರೂ ಹೆಸರು ಬರೆದಿದ್ರೆ..."

ಸಿದ್ಧಾಂತಿ ನೆಲ ನೋಡಿದ.

ಅಮ್ಮ ಮಾತ್ರ ಕುರ್ಚಿ ಎಳೆದುಕೊಂಡು, ಕಣ್ಣು ಮುಚ್ಚಿ ಕೂತಳು. "ಒಂದೊಂದೇ ಓದಮ್ಮ."

"ಎದೆ ನಲವತ್ತು. ಎಡಭುಜ ಮುಕ್ಕಾಲು ಇಂಚು ಕೆಳಗೆ."

"ದೊಡ್ಡ ಡ್ರಮ್ಮು. ಪಟ್ಟಿ ಹಾಕೋ ಭುಜ ಅದು. ಬರ್ಕೋ."

"ಬಲಭುಜ ಒಂದಿಂಚು ಕೆಳಗೆ, ಎದೆ ಮೂವತ್ತಾರು."

"ಪೋಸ್ಟ್‌ಮ್ಯಾನು. ಚೀಲದ ಭಾರ, ಪಾಪ. ಮುಂದಕ್ಕೆ ಹೋಗು."

"ಎದೆ ಮೂವತ್ತೆಂಟು, ಉಸಿರು ತುಂಬಿದ್ರೆ ನಲವತ್ತೊಂದು."

"ಟ್ರಂಪೆಟ್ಟು! ಊದುವಾಗ ಗುಂಡಿ ಹಾರಬಾರ್ದು ಅಂತ ಎರಡು ಸಲ ಟೇಪ್ ಹಿಡಿದಿದ್ದೆ."

ಎಕ್ಸ್‌ಪರ್ಟ್ ತೆರೆದ ಬಾಯಿ ಮುಚ್ಚಲಿಲ್ಲ. ಯಂತ್ರ ಮರೆತದ್ದನ್ನು ಹೆಂಡತಿ ಅಗೆದು ತೆಗೆದಿದ್ದಳು. ಹೆಂಡತಿಗೂ ಎಟುಕದ್ದು ಅಮ್ಮನ ಬೆರಳ ತುದಿಯಲ್ಲಿತ್ತು. ಇಬ್ಬರ ನಡುವೆ ಅವನ ಪಾತ್ರ ನೀರು ತಂದುಕೊಡುವುದು. ಅದನ್ನು ಅವನು ತಪ್ಪಿಲ್ಲದೆ ನಿರ್ವಹಿಸಿದ. ಮಂಗಳವಾರ ಸಂಜೆಗೆ ಇಪ್ಪತ್ತೆರಡೂ ಮಂದಿ ಸಿಕ್ಕಿದರು.

ಧೈರ್ಯ ಮರಳಿ, ಅವನೂ ಒಂದು ಫೈಲು ತೆರೆದ. "ಅಯ್ಯೋ, ಇದು ನೋಡಮ್ಮ! ಸೊಂಟ ಮೂವತ್ತು ಅಂತ ಶುರುವಾಗಿ, ಒಂದೊಂದೇ ಇಂಚು ಏರಿ, ಈಗ ಮೂವತ್ತೊಂಬತ್ತು! 'ಕೂತರೆ ನಲವತ್ತೊಂದು' ಅಂತ ಬೇರೆ ಇದೆ. ಯಾವ ಡೋಲು ಇದು? ಇದನ್ನ ನಾನು ಟೈಪ್ ಮಾಡಿದ ನೆನಪೇ ಇಲ್ಲ."

"ನಾನೇ ಮಾಡಿದ್ದು. ಒಂದೇ ಬೆರಳಲ್ಲಿ," ಎಂದಳು ಅಮ್ಮ, ಸೂಜಿಗೆ ದಾರ ಪೋಣಿಸುತ್ತಾ.

ಹೆಂಡತಿ ಚಾವಣಿ ನೋಡತೊಡಗಿದಳು. ಅವನು ಮೆಲ್ಲಗೆ ಕೆಳಗೆ, ತನ್ನ ಬೆಲ್ಟಿನ ಕಡೆ ನೋಡಿದ.

"ಮತ್ತೆ... ಆ ಚೀಟಿ?"

"ನೀನು ಎಲ್ಲರಿಗೂ ಅಷ್ಟು ಖುಷಿಯಿಂದ ತೋರಿಸ್ತಿದ್ದೆ. ಆಮೇಲೆ ಬದಲಾಯ್ಸೋಕೆ ಮನಸ್ಸೇ ಬರ್ಲಿಲ್ಲ ಕಣೋ."

ಅವನ ಕೈ ಮೌಸಿನತ್ತ ಜಾರಿತು. "ಅಳಿಸಿ ಏನು ಪ್ರಯೋಜನ ರೀ?" ಎಂದಳು ಹೆಂಡತಿ. "ನಾನಿದ್ದೀನಲ್ಲ, ವಾಪಸ್ ತರೋಕೆ."

ಆ ಶನಿವಾರ ಇಪ್ಪತ್ತೆರಡು ಕೋಟುಗಳು ಮೈಗೆ ಅಂಟಿಸಿದಂತೆ ಕೂತವು. ಟ್ರಂಪೆಟ್ಟಿನವನು ಕೆನ್ನೆ ಉಬ್ಬಿಸಿ ಊದಿದ, ಒಂದು ಗುಂಡಿಯೂ ಮಿಸುಕಲಿಲ್ಲ. ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಎಕ್ಸ್‌ಪರ್ಟ್.

ಮರುವಾರ ಅಮ್ಮ ಅವನಿಗೊಂದು ಹೊಸ ಪ್ಯಾಂಟು ಹೊಲಿದಳು. ಹಾಯಾಗಿತ್ತು, ಕೂತರೂ ಹಾಯಾಗಿತ್ತು. ಅವನು ಬಾಗಿಲು ಹಾಕಿಕೊಂಡು ಒಳಪಟ್ಟಿ ಮಗುಚಿ ನೋಡಿದ.

32.

ಸೋಮವಾರ ಕಚೇರಿಯಲ್ಲಿ ಅದನ್ನು ನಾಲ್ಕು ಜನರಿಗೆ ತೋರಿಸಿದ.