ಭಂಡಾರ ಅಲ್ಲ, ಬೋಲ್ಟಿನ ಹಳದಿ

ಹುಮನಾಬಾದ ಹತ್ತಿರದ ಬೋಲ್ಟ್ ಕಾರ್ಖಾನೆಯವರು ವಿಷದ ಕ್ರೋಮಿಯಂ ನೀರನ್ನು ಶುದ್ಧ ಮಾಡದೆ ನಾಲೆಗೆ ಬಿಡುತ್ತಿದ್ದಾರೆ. ಅದೇ ನಾಲೆಯ ದಂಡೆಗೆ ನಮ್ಮೂರಿನ ಕುಡಿಯುವ ನೀರಿನ ಬಾವಿ ಇದೆ. ಇದನ್ನು ಕೇಳಲು ಹೋದಾಗಲೆಲ್ಲ ಏನಾದರೊಂದು ನಗೆಪಾಟಲು ಆಗಿಯೇ ಆಗುತ್ತದೆ. ಮೊದಲು ನಾನು ಅಲ್ಲಿ ಬೋಲ್ಟು ಅದ್ದುವ ತೊಟ್ಟಿಯ ಮುಂದೆ ದುಡಿದೆ. ಕೆಲಸದಿಂದ ತೆಗೆದ ಮೇಲೆ ಗೇಟಿನ ಮುಂದೆ ಧರಣಿ ಕೂತೆ.

೧. ಲಗ್ನ

ಸತುವು ಲೇಪಿಸಿದ ಬೋಲ್ಟನ್ನು ಕ್ರೋಮಿಯಂ ದ್ರಾವಣದಲ್ಲಿ ಅದ್ದಿದರೆ ಮೇಲೆ ಹಳದಿ ಪೊರೆ ಕೂಡುತ್ತದೆ, ಬೇಗ ತುಕ್ಕು ಹಿಡಿಯುವುದಿಲ್ಲ. ಬೋಲ್ಟಿಗೆ ಇಷ್ಟು ರಕ್ಷಣೆ ಕೊಟ್ಟವರು ನಮಗೆ ಕೈಗವಸು ಕೊಡಲಿಲ್ಲ. ಬೆರಳೆಲ್ಲ ಹಳದಿ. ಮುಡಬಿಗೆ ಹೋಗುವ ಆಟೋದಲ್ಲಿ ಒಬ್ಬ ಮುದುಕಿ ನನ್ನ ಕೈ ಹಿಡಿದು ನೋಡಿದಳು.

"ಲಗ್ನ ಆತೇನೋ ತಮ್ಮಾ? ಅರಿಶಿಣ ಇನ್ನಾ ಹಸಿ ಅದ."

ಇದು ಲಗ್ನದ್ದಲ್ಲ, ಫ್ಯಾಕ್ಟರಿಯದು ಎಂದೆ.

"ಹೌದಾ? ಮಾಲಕನ ಮಗಳೇನು?"

೨. ಬಣ್ಣ

ಕಡಿಮೆ ವಿಷದ ಇನ್ನೊಂದು ಬಗೆಯ ಕ್ರೋಮಿಯಂ ದ್ರಾವಣವೂ ಇದೆ. ನಮ್ಮ ಗಲಾಟೆ ತಾಳಲಾರದೆ ಮಾಲಕ ಒಮ್ಮೆ ಅದನ್ನು ತರಿಸಿದ. ಬೋಲ್ಟುಗಳು ಬೆಳ್ಳಗೆ, ತುಸು ನೀಲಿಯಾಗಿ ಬಂದವು. ಬಸವಕಲ್ಯಾಣದ ಅಂಗಡಿಯವನು ಚೀಲ ಬಿಚ್ಚಿ ನೋಡಿ ಹಾಗೇ ವಾಪಸ್ ಕಳಿಸಿದ. ಯಾಕೆಂದು ಕೇಳಿದರೆ, "ಅರಿಶಿಣ ಹಚ್ಚಲಾರದ ಮದುಮಗಳ ಹಂಗ ಅದಾವ್ರಿ. ಗಿರಾಕಿ ಒಪ್ಪಂಗಿಲ್ಲ" ಎಂದ.

ಮರುದಿನವೇ ಹಳೆಯ ತೊಟ್ಟಿ ಶುರುವಾಯಿತು. ಆ ಬೋಲ್ಟು ಹೋಗಿ ಕೂಡುವುದು ಟ್ರ್ಯಾಕ್ಟರಿನ ಹೊಟ್ಟೆಯೊಳಗೆ. ಅಲ್ಲಿಗೆ ಹೆಣ್ಣು ನೋಡಲು ಯಾರು ಬರುತ್ತಾರೋ ನಾ ಕಾಣೆ.

೩. ತೀರ್ಥ

ನಾವು ಕೊಟ್ಟ ದೂರಿಗೆ ಕೊನೆಗೂ ಮಾಲಿನ್ಯ ನಿಯಂತ್ರಣ ಮಂಡಳಿಯ ಒಬ್ಬ ಅಧಿಕಾರಿ ಬಂದ. ನಾಲೆ ಯಾಕೆ ಹಳದಿ ಎಂದು ಕೇಳಿದ. ಮ್ಯಾನೇಜರ್ ಕಣ್ಣು ಮಿಟುಕಿಸದೆ ಹೇಳಿದ: "ಮ್ಯಾಲಿನ ಊರಾಗ ಮಲ್ಲಣ್ಣನ ಜಾತ್ರಿ ಆಗ್ಯಾದ್ರಿ. ಭಕ್ತರು ತೂರಿದ ಭಂಡಾರ ಹರದು ಬಂದದ."

ದೇವರ ಅರಿಶಿನ ಪುಡಿ ಎಂದ ಕೂಡಲೇ ಅಧಿಕಾರಿ ನಾಲೆಗೆ ಕೈ ಮುಗಿದು ಜೀಪು ಹತ್ತಿದ. ನಾನು ಕೂಗಾಡಲು ಹೊರಟೆ. ಪಕ್ಕದಲ್ಲಿದ್ದ ನಮ್ಮೂರಿನ ಕುರಿ ಕಾಯುವ ಅಜ್ಜ, ನಮಗೆಲ್ಲ ಮುತ್ಯಾ, ನನ್ನ ರಟ್ಟೆ ಹಿಡಿದು ಸುಮ್ಮನಾಗಿಸಿದ.

ಮರುದಿನ ಮುತ್ಯಾ ಡೊಳ್ಳು ಬಾರಿಸುತ್ತ ಇಡೀ ಊರನ್ನೇ ಕರೆದುಕೊಂಡು ಬಂದ. ದೇವರ ಮೆರವಣಿಗೆ ಅಂತ ಕಾವಲುಗಾರ ಚಪ್ಪಲಿ ಬಿಟ್ಟು ಗೇಟು ತೆಗೆದ. ಹಿತ್ತಲಿನ ಪೈಪಿಗೆ ಹಾರ ಹಾಕಿ, ಅಲ್ಲಿಂದ ಬರುವ ನೀರನ್ನು ಚೊಂಬಿಗೆ ಹಿಡಿದು ಮುತ್ಯಾ ಮ್ಯಾನೇಜರನ ಮುಂದೆ ಚಾಚಿದ.

"ದೇವರು ನಿಮ್ಮ ಗ್ವಾಡಿಯೊಳಗಿಂದ ಹೊಂಟಾನ್ರಿ. ಮೊದಲ ತೀರ್ಥ ನಿಮ್ಮದೇ."

"ಇವತ್ತ ನಂದು ಉಪವಾಸ ಅದ."

"ತೀರ್ಥ ತಗೊಂಡ್ರ ಉಪವಾಸ ಮುರಿಯಂಗಿಲ್ರಿ. ಬಾಯಿ ತೆಗೀರಿ."

ಮ್ಯಾನೇಜರ್ ಮಾಲಕನ ಕಡೆ ನೋಡಿದ. ಮಾಲಕ ಆಗಲೇ ಕಾರಿನಲ್ಲಿ ಕೂತು ಗಾಜು ಏರಿಸಿದ್ದ. ಡೊಳ್ಳಿನ ಸದ್ದು ಜೋರಾಯಿತು, ಚೊಂಬು ತುಟಿಯ ಹತ್ತಿರ ಬಂತು. ಮ್ಯಾನೇಜರನ ಬೆನ್ನು ಗೋಡೆಗೆ ತಾಗಿತು.

"ಮುತ್ಯಾ, ಬ್ಯಾಡೋ. ಅದು ವಿಷ ಅದ."

ಡೊಳ್ಳು ನಿಂತಿತು. ಊರೆಲ್ಲ ಕೇಳಿಸಿಕೊಂಡಿತು. ಮುತ್ಯಾ ಚೊಂಬಿನೊಳಗೆ ಒಮ್ಮೆ ಇಣುಕಿದ.

"ನಿನ್ನೆ ಸಾಹೇಬ್ರ ಮುಂದ ದೇವರ ಭಂಡಾರ ಇತ್ತಲ್ಲರಿ?"

ಪೈಪು ಇನ್ನೂ ಹರಿಯುತ್ತಿದೆ. ಚೊಂಬಿನ ಬಾಯಿಗೆ ಬಟ್ಟೆ ಕಟ್ಟಿ ಇಟ್ಟಿದ್ದೇವೆ. ಸೋಮವಾರ ಅದನ್ನು ಆ ಅಧಿಕಾರಿಯ ಮೇಜಿನ ಮೇಲೆ ಇಡುತ್ತೇವೆ, ಪೈಪು ಮುಚ್ಚುವ ತನಕ ಅಲ್ಲಿಂದ ಏಳುವುದಿಲ್ಲ. ಇಷ್ಟು ಹೊತ್ತು ಕೂತು ನಕ್ಕಿರಲ್ಲ, ಈಗ ಎದ್ದು ನಮ್ಮ ಜೊತೆ ಬನ್ನಿ.